ದೊಡ್ಡ ಅಳತೆಯ ಛಾಯಾಚಿತ್ರ ಮುದ್ರಣ: ಕೆಲವು ವಿಚಾರಗಳು

(ಅಂತಿಮ ಬಿ. ಎ. ತರಗತಿ, ಇತಿಹಾಸ ವಿಭಾಗ)

ಛಾಯಾಚಿತ್ರ ತೆಗೆಯುವುದು ಒಂದು ಕಾಲದಲ್ಲಿ ಪಟ್ಟಣದ ಸ್ಟುಡಿಯೋದವರ ವಿದ್ಯೆಯಾಗಿದ್ದಿತು. ಮದುವೆಯಲ್ಲೊಮ್ಮೆ, ಶಾಲೆಯ ಕೊನೆಯ ವರ್ಷದಲ್ಲೊಮ್ಮೆ ನಮ್ಮ ಹಳ್ಳಿಗಳ ಜನ ಕ್ಯಾಮರಾದ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಒಂದು ಕ್ಯಾಮರಾ ಇದೆ. ಆದರೆ ಚಿತ್ರ ತೆಗೆಯುವುದು ಸುಲಭವಾದಷ್ಟೂ ಅದನ್ನು ಕಾಗದದ ಮೇಲೆ ಕಾಣುವುದು ಅಪೂರ್ವವಾಗುತ್ತಿದೆ. ಅಂಗೈಯಗಲದ ಗಾಜಿನ ಮೇಲೆ ಬಹು ಸೊಗಸಾಗಿ ತೋರುವ ಚಿತ್ರವನ್ನು ಗೋಡೆಗೆ ತಕ್ಕಷ್ಟು ಹಿಗ್ಗಿಸಬೇಕಾಗಿ ಬಂದಾಗಲೇ ಅದರ ನಿಜವಾದ ಬಂಡವಾಳ ಹೊರಬೀಳುವುದು. ಈ ಸಂಗತಿಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ತಪ್ಪು ಮಾಡಿ ಕಲಿತೆನು. ನನ್ನ ತಪ್ಪು ಸಹಪಾಠಿಗಳಿಗೆ ಉಪಯೋಗವಾಗಲಿ ಎಂಬುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ನಮ್ಮ ಇತಿಹಾಸ ವಿಭಾಗದ ಆಶ್ರಯದಲ್ಲಿ ಒಂದು ಚಿತ್ರಪ್ರದರ್ಶನ ನಡೆಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ಕೆಳದಿಯ ಅರಸರ ಚರಿತ್ರೆ. ಅವರ ಮೊದಲ ರಾಜಧಾನಿ ಕೆಳದಿ, ಎರಡನೆಯದು ಇಕ್ಕೇರಿ. ಇವೆರಡೂ ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯದಾದ ಬಿದನೂರು ಹೊಸನಗರ ತಾಲ್ಲೂಕಿನದು. 1763ರಲ್ಲಿ ಹೈದರಾಲಿಯು ಅದನ್ನು ಗೆದ್ದು ಹೈದರನಗರವೆಂದು ಕರೆದುದರಿಂದ ಇಂದು ಅದು ಬರಿಯ ‘ನಗರ’ವಾಗಿ ಉಳಿದಿದೆ. ಅವರ ಗಿರಿದುರ್ಗಗಳಲ್ಲಿ ಒಂದಾದ ಕವಲೇದುರ್ಗವು ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ್ದು. ಈ ಸ್ಥಳಗಳ ಚಿತ್ರಗಳು ಪ್ರದರ್ಶನದ ಒಂದು ಭಾಗ. ಇನ್ನೊಂದು ಭಾಗದಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದ ತರುವ ಹಳೆಯ ಛಾಯಾಚಿತ್ರಗಳನ್ನು ದೊಡ್ಡದು ಮಾಡಿಸಿ ತೂಗುಹಾಕಬೇಕೆಂದು ಗೊತ್ತಾಯಿತು. ಕಂಪ್ಯೂಟರಿನ ಪರಿಚಯ ಸ್ವಲ್ಪ ಇದ್ದುದರಿಂದ ಮುದ್ರಣದ ಹೊಣೆ ನನ್ನ ಪಾಲಿಗೆ ಬಂದಿತು. ಎಲ್ಲ ಚಿತ್ರಗಳೂ 20 × 30 ಅಂಗುಲದ ಅಳತೆಯಲ್ಲಿರಬೇಕೆಂದು ತೀರ್ಮಾನಿಸಿದೆವು. 2016ರ ಮಾರ್ಚ್ ತಿಂಗಳಿನಲ್ಲಿಯೇ ನಮ್ಮ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿರುವುದರಿಂದ ಕಾಗದದ ಮೇಲೆ ಮುದ್ರಿಸಿ ರಟ್ಟಿಗೆ ಅಂಟಿಸುವುದೆಂದಾಯಿತು.

ಗೆಳೆಯರೆಲ್ಲರೂ ವಾಟ್ಸಾಪಿನಲ್ಲಿ ಚಿತ್ರಗಳನ್ನು ಕಳುಹಿಸಿದರು. ನಾನು ಅವುಗಳಲ್ಲಿ ನಾಲ್ಕನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಅಚ್ಚು ಮಾಡಿಸಿಕೊಂಡು ಬಂದೆನು. ಗೋಡೆಗೆ ಒರಗಿಸಿ ನೋಡುತ್ತೇವೆ, ಇಕ್ಕೇರಿಯ ಅಘೋರೇಶ್ವರ ದೇವಾಲಯದ ಶಿಖರದ ತುದಿಯೇ ಇಲ್ಲ! ಕೆಳದಿಯ ಗಂಡಭೇರುಂಡದ ಗರಿಗಳು ಕರಗಿದ ಬೆಲ್ಲದಂತೆ ಒಂದರೊಳಗೊಂದು ಸೇರಿಹೋಗಿವೆ. ಕವಲೇದುರ್ಗದ ಹೆಬ್ಬಾಗಿಲು ಕತ್ತಲೆಯಲ್ಲಿ ಮುಳುಗಿದೆ. ನಾಲ್ಕನೆಯದು ನಮ್ಮ ಮನೆಯ ಚಿತ್ರ. ಅದರ ವಿಷಯವನ್ನು ಮುಂದೆ ಹೇಳುತ್ತೇನೆ. ದೂರು ಕೊಡಲೆಂದು ಮರಳಿ ಹೋದಾಗ ಅಚ್ಚಿನವರು, ‘ಯಂತ್ರದ ತಪ್ಪಲ್ಲ ತಮ್ಮಾ, ನೀನು ಕೊಟ್ಟಿದ್ದೇ ಇಷ್ಟು’ ಎಂದು ಕಂಪ್ಯೂಟರಿನಲ್ಲಿ ಒಂದು ಅಂಕಿಯನ್ನು ತೋರಿಸಿದರು. ಅದು 1600 × 1200 ಎಂದಿತ್ತು. ಆ ಅಂಕಿಯಿಂದಲೇ ನನ್ನ ಅಭ್ಯಾಸ ಆರಂಭವಾಯಿತೆನ್ನಬೇಕು.

1. ಚುಕ್ಕಿಗಳ ಲೆಕ್ಕ

ಡಿಜಿಟಲ್ ಚಿತ್ರವೆಂದರೆ ಚುಕ್ಕಿಗಳ ಸಮೂಹ. ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಒಂದೊಂದಕ್ಕೂ ಒಂದೊಂದು ಬಣ್ಣ. ಚುಕ್ಕಿ ರಂಗೋಲಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಂಗಳದಲ್ಲಿ ಒಂದು ಗೇಣಿನೊಳಗೆ ಇಪ್ಪತ್ತು ಚುಕ್ಕಿ ಇಟ್ಟರೆ ಹೂವಿನ ಎಸಳು ನುಣುಪಾಗಿ ಬರುತ್ತದೆ. ಅದೇ ಇಪ್ಪತ್ತು ಚುಕ್ಕಿಗಳನ್ನು ಅಂಗಳದ ಉದ್ದಕ್ಕೂ ಹರಡಿದರೆ ಹೂವು ದೊಡ್ಡದಾಗುವುದೇನೋ ನಿಜ. ಎಸಳು ಮಾತ್ರ ಮುರಿದ ಕಡ್ಡಿಯಂತಾಗುತ್ತದೆ. ಚುಕ್ಕಿಗಳ ಸಂಖ್ಯೆ ಚಿತ್ರ ತೆಗೆದ ಕ್ಷಣದಲ್ಲಿಯೇ ಗೊತ್ತಾಗಿಬಿಡುತ್ತದೆ. ಅನಂತರ ನಾವು ಮಾಡುವುದೆಲ್ಲ ಅವನ್ನು ಹತ್ತಿರ ಹತ್ತಿರ ಇಡುವುದು ಅಥವಾ ದೂರ ದೂರ ಇಡುವುದು, ಅಷ್ಟೆ.

ಸಾಮಾನ್ಯವಾದ 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರದಲ್ಲಿ ಉದ್ದಕ್ಕೆ 4000, ಅಗಲಕ್ಕೆ 3000, ಒಟ್ಟು 120 ಲಕ್ಷ ಚುಕ್ಕಿಗಳಿರುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮರಾದಲ್ಲಿ 6000 × 4000, ಅಂದರೆ 240 ಲಕ್ಷ. ಮುದ್ರಣದ ಉದ್ದವನ್ನು ಅಂಗುಲಗಳಲ್ಲಿ ತೆಗೆದುಕೊಂಡು ಅದರಿಂದ ಈ ಸಂಖ್ಯೆಯನ್ನು ಭಾಗಿಸಿದರೆ ಅಂಗುಲವೊಂದಕ್ಕೆ ಎಷ್ಟು ಚುಕ್ಕಿ ಬೀಳುವುದೆಂಬುದು ತಿಳಿಯುತ್ತದೆ. ಇದೇ ಚಿತ್ರದ ಸಾಂದ್ರತೆ. 4000 ಚುಕ್ಕಿಗಳನ್ನು 30 ಅಂಗುಲಕ್ಕೆ ಹಂಚಿದರೆ ಅಂಗುಲಕ್ಕೆ 133. ನಾನು ಕೊಟ್ಟಿದ್ದ 1600ನ್ನು ಅದೇ 30 ಅಂಗುಲಕ್ಕೆ ಹಂಚಿದರೆ ಕೇವಲ 53. ಗಂಡಭೇರುಂಡದ ಗರಿಗಳು ಕರಗಿದ್ದಕ್ಕೆ ಬೇರೆ ಕಾರಣ ಬೇಕಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ‘ಫೈಲನ್ನು 300 ಡಿಪಿಐಗೆ ಮಾಡಿ ಕೊಡಿ’ ಎಂದು ಅಂಗಡಿಗಳಲ್ಲಿ ಕೇಳುವುದುಂಟು. ಕಂಪ್ಯೂಟರಿನಲ್ಲಿ 72 ಎಂದಿರುವ ಅಂಕಿಯನ್ನು ಅಳಿಸಿ 300 ಎಂದು ಬರೆದ ಮಾತ್ರಕ್ಕೆ ಚಿತ್ರಕ್ಕೆ ಒಂದು ಚುಕ್ಕಿಯೂ ಹೆಚ್ಚುವುದಿಲ್ಲ. ಆ ಅಂಕಿ ‘ಇಷ್ಟು ಒತ್ತಾಗಿ ಇಡು’ ಎಂಬ ಸೂಚನೆ ಮಾತ್ರ. ಇನ್ನು ಕಂಪ್ಯೂಟರಿಗೆ ಹೇಳಿ ಚುಕ್ಕಿಗಳನ್ನೇ ಹೆಚ್ಚಿಸಿದರೆ, ಅದು ಅಕ್ಕಪಕ್ಕದ ಎರಡು ಚುಕ್ಕಿಗಳ ಸರಾಸರಿಯನ್ನು ನಡುವೆ ತುಂಬುತ್ತದೆ. ನೆಂಟರು ಹೆಚ್ಚು ಬಂದರೆಂದು ಸಾರಿಗೆ ನೀರು ಹೊಯ್ದಂತೆ. ಪಾತ್ರೆ ತುಂಬುತ್ತದೆ, ರುಚಿ ತುಂಬುವುದಿಲ್ಲ. ಸಾಗರದ ಗುಡಿಗಾರರನ್ನು ಕೇಳಿದರೆ ಅವರೂ ಇದನ್ನೇ ಹೇಳುವರು: ಗೇಣುದ್ದದ ಕೊರಡಿನಲ್ಲಿ ಮೊಳದುದ್ದದ ವಿಗ್ರಹ ಬರುವುದಿಲ್ಲ.

2. ನೋಡುವವನ ದೂರ

ಹಾಗಾದರೆ ಅಂಗುಲಕ್ಕೆ ಎಷ್ಟು ಚುಕ್ಕಿ ಇರಬೇಕು? ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಮನುಷ್ಯನ ಕಣ್ಣಿನಲ್ಲಿದೆ. ಆರೋಗ್ಯವಾದ ಕಣ್ಣು ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವೆ ಸುಮಾರು ಒಂದು ಕಲೆಯಷ್ಟು, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವಿರಬೇಕು. ಅದಕ್ಕಿಂತ ಒತ್ತಾಗಿದ್ದರೆ ಅವು ಒಂದಾಗಿ ಕಾಣುತ್ತವೆ. ತ್ರಿಕೋಣಮಿತಿಯ ಗೊಡವೆ ಬೇಡವೆನ್ನುವವರು ಈ ಸೂತ್ರವನ್ನು ನೆನಪಿಟ್ಟರೆ ಸಾಕು: 3438ನ್ನು, ನೋಡುವ ದೂರದಿಂದ (ಅಂಗುಲಗಳಲ್ಲಿ) ಭಾಗಿಸಿದರೆ ಬೇಕಾಗುವ ಸಾಂದ್ರತೆ ಸಿಗುತ್ತದೆ. ಒಂದು ಅಡಿ ದೂರದಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ ಸುಮಾರು 286 ಚುಕ್ಕಿ ಬೇಕು. 300 ಎಂಬ ಪ್ರಸಿದ್ಧವಾದ ಅಂಕಿ ಬಹುಮಟ್ಟಿಗೆ ಇದಕ್ಕೆ ಹೊಂದುತ್ತದೆ. ಮೂರು ಅಡಿಯಿಂದ ನೋಡುವುದಾದರೆ 95 ಸಾಕು. ಹತ್ತು ಅಡಿಯಿಂದಾದರೆ 29. ರಸ್ತೆಯಾಚೆಯ ದೊಡ್ಡ ಜಾಹೀರಾತು ಫಲಕಗಳನ್ನು ಹತ್ತಿರ ಹೋಗಿ ನೋಡಿದವರಿಗೆ ಅವುಗಳ ಚುಕ್ಕಿಗಳು ಎಷ್ಟು ಒರಟೆಂಬುದು ಗೊತ್ತು.

ನಮ್ಮ ಕಾಲೇಜಿನ ಪಡಸಾಲೆ ಕಿರಿದು. ಅಲ್ಲಿ ನಿಂತವನು ಗೋಡೆಯಿಂದ ಮೂರು ಅಡಿಗಿಂತ ಹೆಚ್ಚು ಹಿಂದೆ ಸರಿಯಲಾರ. ಆದುದರಿಂದ 95 ನಮಗೆ ಕನಿಷ್ಠ. ಜನ ಕುತೂಹಲದಿಂದ ಇನ್ನೂ ಹತ್ತಿರ ಬರುವರೆಂದು 130ರಿಂದ 150ರವರೆಗೆ ಇಟ್ಟುಕೊಂಡೆವು. ಮೊಬೈಲಿನ ಮೂಲ ಚಿತ್ರ 20 × 30ಕ್ಕೆ 133 ಕೊಡುತ್ತದೆಂದು ಮೇಲೆಯೇ ಲೆಕ್ಕ ಹಾಕಿದೆವಲ್ಲ! ಹಾಗೆಂದರೆ ನಮ್ಮ ಗೆಳೆಯರ ಸಾಮಾನ್ಯ ಮೊಬೈಲುಗಳೇ ಈ ಕೆಲಸಕ್ಕೆ ಸಾಲುತ್ತಿದ್ದವು. ನಷ್ಟವಾದುದು ತೆಗೆಯುವಾಗಲ್ಲ, ಕಳುಹಿಸುವಾಗ.

3. ಮೂಲ ಫೈಲಿನ ರಕ್ಷಣೆ

ವಾಟ್ಸಾಪಿನಲ್ಲಿ ಚಿತ್ರವನ್ನು ಮಾಮೂಲು ರೀತಿಯಲ್ಲಿ ಕಳುಹಿಸಿದಾಗ, ಬೇಗ ಹೋಗಲೆಂದು ಅದು ಚಿತ್ರವನ್ನು ಕುಗ್ಗಿಸುತ್ತದೆ. 120 ಲಕ್ಷ ಚುಕ್ಕಿಗಳಿದ್ದ ಚಿತ್ರ ನನ್ನ ಕೈಸೇರುವಾಗ 19 ಲಕ್ಷಕ್ಕೆ ಇಳಿದಿತ್ತು. ಆರರಲ್ಲಿ ಐದು ಭಾಗ ದಾರಿಯಲ್ಲಿಯೇ ಸೋರಿಹೋಗಿತ್ತು! ಚಿತ್ರವನ್ನು ‘ಡಾಕ್ಯುಮೆಂಟ್’ ಎಂಬ ದಾರಿಯಿಂದ ಕಳುಹಿಸಿದರೆ ಮೂಲ ಹಾಗೆಯೇ ಬರುತ್ತದೆ. ಇಮೇಲ್, ಪೆನ್‌ಡ್ರೈವ್, ಕೇಬಲ್ ಇವೂ ಆಗಬಹುದು. ಈ ಒಂದು ಮಾತನ್ನು ತಿಳಿದಿದ್ದರೆ ನಮ್ಮ ಮೊದಲ ಖರ್ಚು ಉಳಿಯುತ್ತಿದ್ದಿತು.

ಎರಡನೆಯ ಸೋರಿಕೆ ಫೈಲಿನ ಜಾತಿಯಿಂದ. ಮೊಬೈಲು ಸಾಮಾನ್ಯವಾಗಿ ಚಿತ್ರವನ್ನು ಜೆಪೆಗ್ ಅಥವಾ ಅಂತಹುದೇ ಒಂದು ರೂಪದಲ್ಲಿ ಇಡುತ್ತದೆ. ಜೆಪೆಗ್ ವಿಧಾನದಲ್ಲಿ ಚಿತ್ರವನ್ನು ಉದ್ದ 8, ಅಗಲ 8 ಚುಕ್ಕಿಗಳ ಸಣ್ಣ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರಗಳನ್ನು ಬಿಟ್ಟುಬಿಡಲಾಗುತ್ತದೆ. ಸ್ವಲ್ಪ ಬಿಟ್ಟರೆ ಬಾಧಕವಿಲ್ಲ. ಆದರೆ ತೆರೆದು ತಿದ್ದಿ ಪುನಃ ಉಳಿಸಿದಾಗಲೆಲ್ಲ ಮತ್ತಷ್ಟು ಬಿಟ್ಟುಹೋಗುತ್ತದೆ. ಹಿಗ್ಗಿಸಿದಾಗ ಆ ಚೌಕಗಳು ಗಾರೆ ಬಿಟ್ಟ ಗೋಡೆಯ ಇಟ್ಟಿಗೆಗಳಂತೆ ಎದ್ದು ಕಾಣುತ್ತವೆ. ಆದುದರಿಂದ ತಿದ್ದುವ ಮೊದಲು ಚಿತ್ರವನ್ನು ಟಿಫ್ ರೂಪಕ್ಕೆ ಬದಲಾಯಿಸಿ, ಕೆಲಸವೆಲ್ಲ ಮುಗಿಯುವವರೆಗೂ ಅದರಲ್ಲಿಯೇ ಇಟ್ಟುಕೊಳ್ಳುವುದು ಮೇಲು. ಅದು ಜಾಗವನ್ನು ಹೆಚ್ಚು ತಿನ್ನುತ್ತದೆ, ಆದರೆ ಏನನ್ನೂ ಕಳೆಯುವುದಿಲ್ಲ. ಒಳ್ಳೆಯ ಕ್ಯಾಮರಾ ಉಳ್ಳವರು ‘ರಾ’ ಎಂಬ ಹಸಿ ರೂಪದಲ್ಲಿಯೇ ಚಿತ್ರ ತೆಗೆದರೆ ನೆರಳಿನಲ್ಲಿ ಅಡಗಿದ ವಿವರಗಳನ್ನು ಹೊರತರಲು ಅನುಕೂಲ.

ನಾನು ಈಗ ಎರಡು ಫೋಲ್ಡರುಗಳನ್ನು ಇಟ್ಟುಕೊಂಡಿದ್ದೇನೆ. ಒಂದರ ಹೆಸರು ‘ಮೂಲ’. ಅದರಲ್ಲಿರುವುದನ್ನು ಯಾವ ಕಾರಣಕ್ಕೂ ಮುಟ್ಟುವುದಿಲ್ಲ. ಇನ್ನೊಂದರ ಹೆಸರು ‘ಅಚ್ಚಿಗೆ’. ತಿದ್ದುವುದು, ಕತ್ತರಿಸುವುದು ಎಲ್ಲವೂ ಅದರಲ್ಲಿನ ಪ್ರತಿಗಳ ಮೇಲೆ. ಬಿತ್ತನೆಯ ಬೀಜವನ್ನು ಊಟದ ಅಕ್ಕಿಯೊಡನೆ ಬೆರೆಸದಂತೆ ನಮ್ಮ ಹಿರಿಯರು ನೋಡಿಕೊಳ್ಳುತ್ತಿದ್ದುದೂ ಇದೇ ವಿವೇಕದಿಂದಲೇ.

4. ತೆಗೆಯುವಾಗಲೇ ವಹಿಸಬೇಕಾದ ಎಚ್ಚರ

ದೊಡ್ಡ ಮುದ್ರಣದಲ್ಲಿ ಗುಣ ಹೇಗೋ ಹಾಗೆ ದೋಷವೂ ದೊಡ್ಡದಾಗುತ್ತದೆ. ಕೈ ಕೂದಲೆಳೆಯಷ್ಟು ಅಲುಗಿದ್ದರೂ 30 ಅಂಗುಲದಲ್ಲಿ ಅದು ಮುಚ್ಚುಮರೆಯಿಲ್ಲದೆ ಕಾಣುವುದು. ಅಘೋರೇಶ್ವರ ದೇವಾಲಯದ ಒಳಗೆ ಬೆಳಕು ಕಡಮೆ. ಅಂತಹ ಕಡೆ ಮೊಬೈಲು ತನ್ನ ಐಎಸ್‌ಒ ಎಂಬ ಸಂವೇದನೆಯನ್ನು ತಾನಾಗಿಯೇ ಏರಿಸಿಕೊಂಡು ಚಿತ್ರದ ತುಂಬ ರಾಗಿ ಚೆಲ್ಲಿದಂತಹ ಕಾಳುಗಳನ್ನು ಸೇರಿಸುತ್ತದೆ. ಸಂವೇದನೆಯನ್ನು 100ಕ್ಕೆ ಇಳಿಸಿ ಒಂದೆರಡು ಸೆಕೆಂಡುಗಳ ಕಾಲ ಬೆಳಕು ಬಿಡುವುದೇ ಇದಕ್ಕೆ ಮದ್ದು; ಆದರೆ ಕ್ಯಾಮರಾ ಅಷ್ಟು ಹೊತ್ತು ಕದಲಬಾರದು. ಸಂರಕ್ಷಿತ ಸ್ಮಾರಕಗಳಲ್ಲಿ ಮೂರು ಕಾಲಿನ ಸ್ಟ್ಯಾಂಡನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲವಾದ್ದರಿಂದ ನಾವು ಮಡಿಸಿದ ಟವೆಲನ್ನು ಕಟ್ಟೆಯ ಮೇಲಿಟ್ಟು, ಅದರ ಮೇಲೆ ಮೊಬೈಲನ್ನು ಒರಗಿಸಿ, ಟೈಮರಿನಿಂದ ಚಿತ್ರ ತೆಗೆದೆವು. ಕೆಳದಿಯ ದೇವಾಲಯದ ಛತ್ತಿನಲ್ಲಿರುವ ಗಂಡಭೇರುಂಡಕ್ಕಾಗಿ ಮೊಬೈಲನ್ನು ನೆಲದ ಮೇಲೆ ಅಂಗಾತ ಮಲಗಿಸಿದೆವು. ಛತ್ತೂ ಕ್ಯಾಮರಾವೂ ಸಮಾನಾಂತರವಾಗಿ, ಹಕ್ಕಿಯ ಎರಡು ತಲೆಗಳೂ ಒಂದೇ ಪ್ರಮಾಣದಲ್ಲಿ ಬಂದವು.

ಬೆರಳುಗಳಿಂದ ಹಿಗ್ಗಿಸಿ ತೆಗೆಯುವ ‘ಡಿಜಿಟಲ್ ಜೂಮ್’ ಬೇಡವೇ ಬೇಡ. ಅದು ಚಿತ್ರದ ಅಂಚುಗಳನ್ನು ಕತ್ತರಿಸಿ ಎಸೆಯುವುದಲ್ಲದೆ ಬೇರೇನಲ್ಲ. ಎರಡು ಪಟ್ಟು ಹಿಗ್ಗಿಸಿದರೆ ನಾಲ್ಕರಲ್ಲಿ ಒಂದು ಪಾಲು ಚುಕ್ಕಿಗಳು ಮಾತ್ರ ನಮ್ಮ ಕೈಯಲ್ಲಿ ಉಳಿದಂತಾಯಿತು. ಅದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುವುದು ಲೇಸು.

ನಗರದ ಕೋಟೆಯ ಗೋಡೆಯಂತಹ ಉದ್ದನೆಯ ವಸ್ತುವಿಗೆ ಮತ್ತೊಂದು ಉಪಾಯವುಂಟು. ಮೊಬೈಲನ್ನು ನೆಟ್ಟಗೆ ಹಿಡಿದು, ಒಂದೇ ಕಡೆ ನಿಂತು ತಿರುಗುತ್ತ, ಮೂರು ಚಿತ್ರ ತೆಗೆಯಬೇಕು. ಒಂದರ ಮೂರನೆಯ ಒಂದು ಭಾಗ ಮುಂದಿನದರಲ್ಲಿಯೂ ಬರುವಂತಿರಬೇಕು. ಅವನ್ನು ಕಂಪ್ಯೂಟರಿನಲ್ಲಿ ಹೊಲಿದರೆ ಸುಮಾರು 7000 × 4000 ಚುಕ್ಕಿಗಳ ಒಂದೇ ಚಿತ್ರವಾಗುತ್ತದೆ. ಇದನ್ನು ಐದು ಅಡಿ ಉದ್ದಕ್ಕೆ ಮುದ್ರಿಸಿದರೂ ಅಂಗುಲಕ್ಕೆ 116 ಚುಕ್ಕಿಗಳು ಉಳಿಯುತ್ತವೆ. ಇಲ್ಲಿ ಚುಕ್ಕಿಗಳು ನಿಜವಾಗಿ ಹೆಚ್ಚಿದವು, ಏಕೆಂದರೆ ನಾವು ನಿಜವಾಗಿ ಹೆಚ್ಚು ನೋಡಿದೆವು. ಆದರೆ ಜೋಗದ ಜಲಪಾತಕ್ಕೆ ಈ ಉಪಾಯ ಅಷ್ಟಾಗಿ ಒಗ್ಗುವುದಿಲ್ಲ. ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ನಡುವೆ ನೀರೂ ಮಂಜೂ ಸ್ಥಳ ಬದಲಾಯಿಸಿರುತ್ತವೆ.

5. ಚೌಕಟ್ಟು, ಬೆಳಕು, ಹರಿತ

ಶಿಖರದ ತುದಿ ಹಾರಿಹೋದುದೇಕೆಂಬುದನ್ನು ಈಗ ಹೇಳಬಹುದು. ಮೊಬೈಲಿನ ಚಿತ್ರದ ಉದ್ದಗಲಗಳ ಪ್ರಮಾಣ 4ಕ್ಕೆ 3. 20 × 30 ಕಾಗದದ ಪ್ರಮಾಣ 3ಕ್ಕೆ 2. ಉದ್ದವನ್ನು 30 ಅಂಗುಲಕ್ಕೆ ಸರಿಹೊಂದಿಸಿದಾಗ ಚಿತ್ರದ ಇನ್ನೊಂದು ಬದಿ 22½ ಅಂಗುಲವಾಗುತ್ತದೆ, ಕಾಗದವಿರುವುದು 20. ಉಳಿದ 2½ ಅಂಗುಲವನ್ನು ಯಂತ್ರ ಕೇಳದೆ ಕತ್ತರಿಸಿತು. ದೇವಾಲಯವನ್ನು ಅಡ್ಡ ಚಿತ್ರವಾಗಿ, ಮೇಲೆ ಕೆಳಗೆ ಜಾಗ ಬಿಡದೆ ತೆಗೆದುದರಿಂದ ಆ ಕತ್ತರಿ ಶಿಖರಕ್ಕೇ ಬಿದ್ದಿತು. ಆದುದರಿಂದ ಯಾವ ಕಾಗದವೆಂಬುದನ್ನು ಮೊದಲೇ ತಿಳಿದು, ಸುತ್ತಲೂ ಸ್ವಲ್ಪ ಆಕಾಶವನ್ನೂ ನೆಲವನ್ನೂ ಬಿಟ್ಟು ತೆಗೆಯಬೇಕು. ಕತ್ತರಿಸುವ ಕೆಲಸವನ್ನು ನಾವೇ ಮಾಡಬೇಕು, ಅಂಗಡಿಗೆ ಬಿಡಬಾರದು. ಕಾಗದದ ಅಂಚಿನವರೆಗೂ ಚಿತ್ರ ಬರಬೇಕಾದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚು ಬಿಡುವುದು ವಾಡಿಕೆ.

ಕವಲೇದುರ್ಗದ ಹೆಬ್ಬಾಗಿಲು ಕತ್ತಲಾದುದಕ್ಕೆ ಕಾರಣ ಬೇರೆ. ಮೊಬೈಲಿನ ಪರದೆ ಸ್ವಯಂಪ್ರಕಾಶಿ. ಅದು ತಾನೇ ಬೆಳಕು ಬೀರುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ತನ್ನ ಮೇಲೆ ಬಿದ್ದುದನ್ನು ಹಿಂದಿರುಗಿಸುವುದಷ್ಟೇ ಅದರ ಶಕ್ತಿ. ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿದ ಚಿತ್ರ ಕಾಗದದ ಮೇಲೆ ಕಪ್ಪಾಗಿ ಬರುವುದು ಸಹಜ. ಪರದೆಯ ಬೆಳಕನ್ನು ಅರ್ಧದಷ್ಟು ತಗ್ಗಿಸಿ, ಪಕ್ಕದಲ್ಲಿ ಒಂದು ಬಿಳಿಯ ಹಾಳೆಯನ್ನಿಟ್ಟು, ಎರಡೂ ಹೆಚ್ಚು ಕಡಮೆ ಒಂದೇ ಬೆಳ್ಪಾಗಿ ಕಾಣುವಂತೆ ಮಾಡಿಕೊಂಡು ತಿದ್ದಬೇಕು. ಬಣ್ಣದ ವಿಷಯವೂ ಹಾಗೆಯೇ. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ಮಾಡುತ್ತದೆ. ಅಚ್ಚಿನ ಯಂತ್ರವು ಆಕಾಶನೀಲಿ, ಕಡುಗುಲಾಬಿ, ಹಳದಿ, ಕಪ್ಪು ಶಾಯಿಗಳಿಂದ ಮಾಡುತ್ತದೆ. ಆಷಾಢದ ಗದ್ದೆಯ ಎಳೆಯ ಹಸಿರು ಪರದೆಯ ಮೇಲೆ ಹೊಳೆದಷ್ಟು ಶಾಯಿಯಲ್ಲಿ ಹೊಳೆಯುವುದಿಲ್ಲ. ಅಂಗಡಿಯವರು ಬೇರೆ ಹೇಳದಿದ್ದರೆ ಫೈಲನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ವರ್ಣವ್ಯವಸ್ಥೆಯಲ್ಲಿ ಕೊಡುವುದು ನಿರಪಾಯ.

ಕೊನೆಯದು ಹರಿತ. ಅಂಚುಗಳನ್ನು ಚೂಪು ಮಾಡುವ ಸೌಕರ್ಯ ಎಲ್ಲ ತಂತ್ರಾಂಶಗಳಲ್ಲಿಯೂ ಉಂಟು. ಅದು ಅಂಚಿನ ಒಂದು ಮಗ್ಗುಲನ್ನು ಕಪ್ಪಾಗಿಸಿ ಇನ್ನೊಂದನ್ನು ಬೆಳ್ಳಗಾಗಿಸುತ್ತದೆ, ಅಷ್ಟೆ. ಇಲ್ಲದ ವಿವರವನ್ನು ತರುವುದಿಲ್ಲ. ಇದನ್ನು ಅಳತೆಯೆಲ್ಲ ನಿಶ್ಚಯವಾದ ಮೇಲೆ ಕಟ್ಟಕಡೆಗೆ, ಹಿತಮಿತವಾಗಿ ಮಾಡಬೇಕು. ಹೆಚ್ಚಾದರೆ ಕೋಟೆಯ ಗೋಡೆಗೆ ಸುಣ್ಣದ ಗೆರೆ ಎಳೆದಂತೆ ಕಾಣುವುದು.

ಇವೆಲ್ಲಕ್ಕಿಂತ ದೊಡ್ಡ ಉಳಿತಾಯದ ಮಾರ್ಗವೊಂದಿದೆ. ಪೂರ್ತಿ ಚಿತ್ರವನ್ನು ಅಚ್ಚು ಹಾಕಿಸುವ ಮೊದಲು, ಅದರ ಬಹು ಮುಖ್ಯವಾದ ಭಾಗದಿಂದ ನಾಲ್ಕು ಅಂಗುಲದ ಒಂದು ತುಂಡನ್ನು ಕೊನೆಯ ಅಳತೆಯಲ್ಲಿಯೇ ಮುದ್ರಿಸಿ, ಗೋಡೆಗೆ ಅಂಟಿಸಿ, ದೂರ ನಿಂತು ನೋಡುವುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕಲ್ಲವೆ?

6. ಇಲ್ಲದುದನ್ನು ಕಲ್ಪಿಸುವ ಯಂತ್ರ

ಇತಿಹಾಸದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದಿವೆ. ಮಸುಕಾದ ಸಣ್ಣ ಚಿತ್ರವನ್ನು ಕೊಟ್ಟರೆ ಕ್ಷಣಾರ್ಧದಲ್ಲಿ ನಾಲ್ಕು ಪಟ್ಟು ದೊಡ್ಡದಾದ ನಿಚ್ಚಳ ಚಿತ್ರವನ್ನು ಕೊಡುತ್ತವೆ. ಮೇಲುನೋಟಕ್ಕೆ ಇದು ಪವಾಡ. ಆದರೆ ಆ ವಿವರಗಳು ಬಂದುದು ಎಲ್ಲಿಂದ? ಲಕ್ಷಾಂತರ ಬೇರೆ ಚಿತ್ರಗಳನ್ನು ಕಂಡು ಕಲಿತ ಯಂತ್ರವು, ‘ಇಂತಹ ಕಡೆ ಸಾಮಾನ್ಯವಾಗಿ ಹೀಗಿರುತ್ತದೆ’ ಎಂದು ಊಹಿಸಿ ಬರೆದದ್ದು ಅದು. ಮರದ ಎಲೆಗಳಿಗೆ, ಆಕಾಶದ ಮೋಡಗಳಿಗೆ ಈ ಊಹೆಯಿಂದ ಅಷ್ಟು ಬಾಧಕವಿಲ್ಲದಿರಬಹುದು. ಶಾಸನಕ್ಕೆ?

ಹೊಸನಗರ ತಾಲ್ಲೂಕಿನ ಹೊಂಬುಜವು ಸಾಂತರ ಅರಸರ ಊರು. ಅಲ್ಲಿಯ ಪಂಚಕೂಟ ಬಸದಿ 1077ರದು. ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ತಟ್ಟಿ, ಶಾಯಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಆ ಕಾಗದ ಕಲ್ಲಿನಷ್ಟೇ ದೊಡ್ಡದು. ಅಲ್ಲಿ ಹಿಗ್ಗಿಸುವ ಪ್ರಶ್ನೆಯಿಲ್ಲ, ಕಲ್ಲು ಹೇಳಿದ್ದಕ್ಕಿಂತ ಹೆಚ್ಚು ಹೇಳುವ ಪ್ರಶ್ನೆಯೂ ಇಲ್ಲ. ನಮ್ಮ ಲಿಪಿಯಲ್ಲಿ ‘ಪ’ಕ್ಕೂ ‘ವ’ಕ್ಕೂ ಇರುವ ಅಂತರ ಒಂದು ಸಣ್ಣ ಗೀರು. ಆ ಗೀರನ್ನು ಯಂತ್ರ ತನ್ನ ಊಹೆಯಿಂದ ಹಾಕಿದರೆ ಊರಿನ ಹೆಸರೇ ಬದಲಾದೀತು. ಶಾಸನದ ಚಿತ್ರಕ್ಕೆ ಬೇಕಾದುದು ಊಹೆಯಲ್ಲ, ಓರೆ ಬೆಳಕು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಮಗ್ಗುಲಿನಿಂದ ಬೀಳುವಾಗ, ಇಲ್ಲವೆ ಟಾರ್ಚನ್ನು ಪಕ್ಕದಿಂದ ಹಿಡಿದು ತೆಗೆದರೆ, ಅಕ್ಷರದ ತಗ್ಗುಗಳಲ್ಲಿ ನೆರಳು ನಿಂತು ಪಾಠ ತಾನಾಗಿ ಎದ್ದು ಬರುತ್ತದೆ.

7. ನಾಲ್ಕನೆಯ ಚಿತ್ರ

ಈಗ ನಮ್ಮ ಮನೆಯ ಚಿತ್ರಕ್ಕೆ ಬರುತ್ತೇನೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ನನ್ನ ಅಜ್ಜಿಯ ತವರೂ ಒಂದು. ಅಜ್ಜಿ ಆಗ ಹದಿಮೂರು ಹದಿನಾಲ್ಕು ವರ್ಷದ ಹುಡುಗಿ. ಊರು ಬಿಡುವ ಮುನ್ನ ಯಾರೋ ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಒಂದು ಛಾಯಾಚಿತ್ರ ತೆಗೆದಿದ್ದರು. ಅಗಲ 2¼ ಅಂಗುಲ, ಉದ್ದ 3¼ ಅಂಗುಲದ ಸಣ್ಣ ಕಪ್ಪುಬಿಳುಪಿನ ಚಿತ್ರ. ಹಿಂದೆ ಹುಲ್ಲಿನ ಮಾಡು, ಮುಂದೆ ಏಳು ಜನ. ನಡುವೆ ನಿಂತವರು ಅಜ್ಜಿಯ ಅಪ್ಪ. ಅಂಚಿನಲ್ಲಿ ಲಂಗ ಹಿಡಿದು ನಿಂತವಳು ಅಜ್ಜಿ. ಆ ಮನೆಯದು, ಆ ಊರಿನದು, ಮುತ್ತಜ್ಜನದು ಇರುವುದು ಇದೊಂದೇ ಗುರುತು. ನೆಗೆಟಿವ್ ಇಲ್ಲ.

ನಾನು ಮೊದಲ ಸಲ ಮಾಡಿದ್ದು ಏನೆಂದರೆ, ಈ ಚಿತ್ರವನ್ನು ದೀಪದ ಕೆಳಗಿಟ್ಟು ಮೊಬೈಲಿನಿಂದ ತೆಗೆದು, ಅದೇ ವಾಟ್ಸಾಪಿನ ದಾರಿಯಿಂದ ದಾಟಿಸಿ, 20 × 30ಕ್ಕೆ ಹಿಗ್ಗಿಸಿದೆ. ಏಳು ಮುಖಗಳೂ ಏಳು ಬೂದಿಯ ಮುದ್ದೆಗಳಾಗಿದ್ದವು. ಎರಡನೆಯ ಸಲ, ತಪ್ಪನ್ನು ಸರಿಪಡಿಸುವ ಉತ್ಸಾಹದಲ್ಲಿ ಅದನ್ನು ಮೇಲೆ ಹೇಳಿದ ತಂತ್ರಾಂಶಕ್ಕೆ ಕೊಟ್ಟೆ. ಮುಖಗಳು ಅರಳಿದವು. ಕಣ್ಣಿಗೆ ರೆಪ್ಪೆ ಬಂತು, ಮುತ್ತಜ್ಜನಿಗೆ ನೀಟಾದ ಮೀಸೆ ಬಂತು, ಹಲ್ಲುಗಳು ಸಾಲಾಗಿ ಹೊಳೆದವು. ಹಿಗ್ಗಿನಿಂದ ಮನೆಗೆ ಹೋಗಿ ಅಜ್ಜಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ‘ಇದು ನಮ್ಮಪ್ಪಯ್ಯ ಅಲ್ಲ ಮಗಾ. ಯಾರೋ ಬೇರೆಯವ್ರು’ ಎಂದರು. ಅವರು ಕೋಪದಿಂದ ಹೇಳಲಿಲ್ಲ; ಆದರೆ ಚಿತ್ರವನ್ನು ಮತ್ತೆ ಕೈಗೆ ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ನಾನು ಸ್ಕೇಲು ಹಿಡಿದು ಮೂಲ ಚಿತ್ರವನ್ನು ಅಳೆದೆನು. ಮುತ್ತಜ್ಜನ ಮುಖದ ಎತ್ತರ 3 ಮಿಲಿಮೀಟರ್. ಒಂದು ಕೊತ್ತಂಬರಿ ಬೀಜದಷ್ಟು ಜಾಗದಲ್ಲಿ ಒಬ್ಬ ಮನುಷ್ಯ! ಅಷ್ಟರಲ್ಲಿ ಎಷ್ಟು ಇರಬಹುದೋ ಅಷ್ಟೇ ಇದೆ. ಅದನ್ನು ಕಳೆಯದಂತೆ ಎತ್ತಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ಸೇರಿಸುವ ಅಧಿಕಾರ ನನಗಿಲ್ಲ.

ಮರುದಿನ ಅದನ್ನು ಸ್ಕ್ಯಾನರಿನ ಗಾಜಿನ ಮೇಲಿಟ್ಟು ಅಂಗುಲಕ್ಕೆ 1200 ಚುಕ್ಕಿಗಳಂತೆ, ಬಣ್ಣದ ವಿಧಾನದಲ್ಲಿ, ಟಿಫ್ ರೂಪದಲ್ಲಿ ಎತ್ತಿಕೊಂಡೆನು. ಕಪ್ಪುಬಿಳುಪಿನದಾದರೂ ಬಣ್ಣದಲ್ಲಿ ಎತ್ತಿದರೆ ಹಳದಿಯಾದ ಕಲೆಗಳನ್ನು ಬೇರ್ಪಡಿಸಲು ಸುಲಭ. 2700 × 3900 ಚುಕ್ಕಿಗಳು ಬಂದವು. ಆದರೆ ಇದರಿಂದಲೂ ಮೋಸಹೋಗಬಾರದು. ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಾಗ ಅಂಗುಲಕ್ಕೆ 600ರಿಂದಾಚೆಗೆ ಸಿಕ್ಕುತ್ತಿದ್ದುದು ಕಾಗದದ ನಾರೇ ಹೊರತು ಚಿತ್ರದ ವಿವರವಲ್ಲ. ಹಾಗಾಗಿ ನಿಜವಾದ ಬಂಡವಾಳ 1350 × 1950. ಅಂಗುಲಕ್ಕೆ 150ರಂತೆ ಹಂಚಿದರೆ 9 × 13 ಅಂಗುಲ. ಧೂಳಿನ ಚುಕ್ಕೆಗಳನ್ನು ಮಾತ್ರ ಒರೆಸಿ, ಮುಖಗಳನ್ನು ಮುಟ್ಟದೆ, 9 × 13ಕ್ಕೆ ಅಚ್ಚು ಹಾಕಿಸಿದೆನು. ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಟ್ಟು ಕಟ್ಟಿಸಿದೆ. ನಮ್ಮ ಮಲೆನಾಡಿನ ಮಳೆಗಾಲದ ತೇವದಲ್ಲಿ ಗಾಜಿಗೆ ಅಂಟಿದ ಚಿತ್ರ ಬಿಡಿಸಲು ಬರುವುದಿಲ್ಲ.

ಪ್ರದರ್ಶನದ ದಿನ 20 × 30ರ ಚಿತ್ರಗಳ ಸಾಲಿನಲ್ಲಿ ಅದೊಂದು ಮಾತ್ರ ಚಿಕ್ಕದಾಗಿದ್ದಿತು. ಅಜ್ಜಿ ಬಸ್ಸಿನಲ್ಲಿ ಬಂದಿದ್ದರು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಇಕ್ಕೇರಿ, ಕೆಳದಿ, ನಗರಗಳನ್ನು ಎಲ್ಲರಂತೆ ಮೂರು ಅಡಿ ದೂರದಿಂದ ನೋಡುತ್ತ ಬಂದವರು ಆ ಚಿತ್ರದ ಮುಂದೆ ನಿಂತು, ಗೋಡೆಗೆ ಹಣೆ ತಾಗುವಷ್ಟು ಹತ್ತಿರ ಹೋದರು. ಕನ್ನಡಕ ತೆಗೆದರು. ಮುತ್ತಜ್ಜನ ಮುಖ ಅಲ್ಲಿ ಕಿರುಬೆರಳಿನ ಉಗುರಿನಷ್ಟಿತ್ತು. ಮಸುಕು ಮಸುಕಾಗಿಯೇ ಇತ್ತು. ‘ಹೂಂ, ಅಪ್ಪಯ್ಯ’ ಎಂದರು. ಅನಂತರ ಹಿಂದಿನ ಮಾಡನ್ನು ತೋರಿಸಿ, ಕೊಟ್ಟಿಗೆ ಯಾವ ಕಡೆ ಇತ್ತು, ಹಲಸಿನ ಮರ ಎಲ್ಲಿತ್ತು ಎಂದು ನನ್ನ ಸ್ನೇಹಿತರಿಗೆ ಹೇಳತೊಡಗಿದರು. ಚಿತ್ರದಲ್ಲಿ ಇಲ್ಲದುದನ್ನು ತುಂಬುವ ಅಧಿಕಾರ ಅವರಿಗಿತ್ತು, ಅವರು ಕಂಡವರು.

ನೋಡುವವನ ದೂರದ ಸೂತ್ರವನ್ನು ಮೇಲೆ ಕೊಟ್ಟಿದ್ದೇನೆ. ಅದು ತಪ್ಪಲ್ಲ. ಆದರೆ ತನ್ನವರ ಮುಖವನ್ನು ಯಾರೂ ಮೂರು ಅಡಿ ದೂರದಿಂದ ನೋಡುವುದಿಲ್ಲವೆಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದುದರಿಂದ ಚಿತ್ರವನ್ನು ದೊಡ್ಡದು ಮಾಡಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ವಿನಮ್ರ ಅಭಿಪ್ರಾಯ. ಇದರಲ್ಲಿ ನಿಜವಾಗಿ ಇರುವುದು ಎಷ್ಟು? ಇದನ್ನು ನೋಡುವವರು ಯಾರು? ಈ ಎರಡಕ್ಕೆ ಪ್ರಾಮಾಣಿಕವಾದ ಉತ್ತರ ಸಿಕ್ಕರೆ ಅಳತೆ ತಾನಾಗಿಯೇ ನಿಶ್ಚಯವಾಗುತ್ತದೆ.

ಸಹಪಾಠಿಗಳಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಮನೆಗಳ ಟ್ರಂಕುಗಳಲ್ಲಿ, ದೇವರ ಪಟದ ಹಿಂದೆ, ಹಳೆಯ ಪಂಚಾಂಗದ ಹಾಳೆಗಳ ನಡುವೆ ಇಂತಹ ಚಿತ್ರಗಳಿರಬಹುದು. ಈ ಸಲದ ಮಳೆಗಾಲಕ್ಕೆ ಮೊದಲು ಅವನ್ನು ಹೊರತೆಗೆಯಿರಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಯಾರು ಯಾರೆಂದು, ಹಿರಿಯರನ್ನು ಕೇಳಿ, ಬರೆಯಿರಿ. ಸ್ಕ್ಯಾನರಿನಲ್ಲಿ ಎತ್ತಿ ‘ಮೂಲ’ವೆಂಬ ಫೋಲ್ಡರಿನಲ್ಲಿ ಎರಡು ಕಡೆ ಇಡಿರಿ. ದೊಡ್ಡದು ಮಾಡಿಸುವುದು ನಿಧಾನವಾದರೂ ಚಿಂತೆಯಿಲ್ಲ. ಹಿನ್ನೀರು ಇಳಿದ ಬೇಸಿಗೆಯಲ್ಲಿ ಮರದ ಬೊಡ್ಡೆಗಳು ಕಾಣಿಸಿಕೊಳ್ಳುವಂತೆ ಈ ಚಿತ್ರಗಳೂ ಆಗೊಮ್ಮೆ ಈಗೊಮ್ಮೆ ಮಾತ್ರ ಮೇಲೆ ಬರುತ್ತವೆ. ಹೇಳಬಲ್ಲವರು ಇರುವಾಗಲೇ ಕೇಳಿಕೊಳ್ಳಬೇಕು.